ಎರಡು ಸಲ ಕೂಗಬೇಕಾದ ಹೆಸರು

ನಮ್ಮ ಸುತ್ತಿನ ಕ್ರೀಡಾಕೂಟಕ್ಕೆ ಒಂದು ಪುಸ್ತಕ ಮಾಡ್ತಾರಂತೆ. "ಫುಟ್‌ಬಾಲಿನ ಚರಿತ್ರೆ ನೀವೇ ಬರೀಬೇಕು ಮೇಷ್ಟ್ರೇ, ಎಲ್ಲಾ ನಿಮ್ಮ ತಲೇಲೇ ಇದೆ, ಒಂದು ನಾಲ್ಕು ಪುಟ ಗೀಚಿಕೊಡಿ" ಅಂತ ಸಮಿತಿಯವರು ಮನೆಗೇ ಬಂದು ಕೂತರು. ಗೀಚಬೇಕಂತೆ! ಒಂದೇ ಒಂದು ಗೀಟು ಗೀಚಿದ್ದಕ್ಕೆ ಇಪ್ಪತ್ತು ವರ್ಷದಿಂದ ಅನುಭವಿಸ್ತಾ ಇದೀನಿ ನಾನು. ಆಗಲ್ಲ ಹೋಗ್ರಯ್ಯ ಅಂದೆ. ಅವರು ಕಾಫಿ ಕುಡಿದು, ನಕ್ಕು, ಬರೀತೀರ ಬಿಡಿ ಅಂತ ಹೇಳಿ ಹೋದರು.

ನಾನು ಹೊಸೂರು ಕಡೆಯ ಡ್ರಿಲ್ ಮೇಷ್ಟ್ರು. ಬರೋ ಬೇಸಗೆಗೆ ರಿಟೈರು. ಮೂಗಿನ ತುದಿಯಲ್ಲೇ ಕೋಪ ಅಂತ ನನ್ನ ಹೆಂಡತಿಯೂ ಹೇಳ್ತಾಳೆ, ಊರೂ ಹೇಳುತ್ತೆ, ಸುಳ್ಳೇನಲ್ಲ. ನಾಟ್ರಾಂಪಾಳ್ಯದಲ್ಲಿ ಒಬ್ಬ ಹೆಂಗಸಿದಾಳೆ. ಗಂಡ ಇದಾನೋ ಇಲ್ಲವೋ ತಿಳೀದೆ ಇಪ್ಪತ್ತು ವರ್ಷದಿಂದ ಹಣೆಗೆ ಕುಂಕುಮ ಇಟ್ಟುಕೊಂಡು ಕಾಯ್ತಾ ಇದ್ದಳು. ಅದಕ್ಕೆ ಮೊದಲು ನನ್ನ ಪೆನ್ನು ಕಾರಣ, ಆಮೇಲೆ ನನ್ನ ಬಾಯಿ. ಫುಟ್‌ಬಾಲಿನ ಚರಿತ್ರೆ ಬರೆಯೋದಾದರೆ ಅವಳನ್ನು ಬಿಟ್ಟು ನನ್ನ ಕೈಲಿ ಬರೆಯೋಕಾಗಲ್ಲ.

ಸರಿ, ಮೊದಲಿಂದ ಹೇಳ್ತೀನಿ. ಮುಂಚೆ ನಮ್ಮ ಕೂಟದಲ್ಲಿ ಇದ್ದದ್ದು ಕಬಡ್ಡಿ, ವಾಲಿಬಾಲು, ಓಟ, ಗುಂಡೆಸೆತ. ಹೊಸೂರಿಗೆ ಕಾರ್ಖಾನೆಗಳು ಬಂದವು ನೋಡಿ, ಷಿಫ್ಟು ಮುಗಿಸಿದ ಹುಡುಗರು ಬಯಲಲ್ಲಿ ಚೆಂಡು ಒದೆಯೋಕೆ ಶುರುಮಾಡಿದರು. ಅವರ ಕಾಟ ತಡೀಲಾರದೆ ಫುಟ್‌ಬಾಲನ್ನೂ ಸೇರಿಸಿದೆವು. ಮೈದಾನ ಅಂದರೆ ತೊರಪಲ್ಲಿ ಅಗ್ರಹಾರದ ಆಚೆ ಒಂದು ಒಣಗಿದ ಕೆರೆ ಅಂಗಳ. ಗೋಲಿಗೆ ಎರಡು ಸರ್ವೆ ಕಂಬ, ಮೇಲೆ ಅಡ್ಡಕ್ಕೆ ತೆಂಗಿನ ಹಗ್ಗ. ಗಾಳಿ ಬೀಸಿದರೆ ಹಗ್ಗ ಜೋಲಿ ಹೊಡೀತಿತ್ತು. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಅಂತ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈದಾಡೋರು. ಸೀಟಿ ಊದಿ ಊದಿ ನನ್ನ ಕೆನ್ನೆ ನೋಯ್ತಿತ್ತು. ಗೆದ್ದ ತಂಡ ಕೃಷ್ಣಗಿರಿಗೆ ಹೋಗಿ ಜಿಲ್ಲೆಯಲ್ಲಿ ಆಡಬೇಕು. ಅದಕ್ಕೇ ಆಟಗಾರರ ಪಟ್ಟಿ ಶುದ್ಧವಾಗಿರಬೇಕು, ಅದನ್ನು ನೋಡೋ ಕೆಲಸ ನನ್ನದು. ಜನ ಸಾಲದ ತಂಡದವರು ಒಬ್ಬನ ಹೆಸರನ್ನೇ ಎರಡು ಸಲ ಬರೆದು ಹನ್ನೊಂದು ಮಾಡ್ಕೊಂಡು ಬರೋರು. ಅಂಥದನ್ನು ಹಿಡಿಯೋದರಲ್ಲಿ ನಾನು ಎತ್ತಿದ ಕೈ. ಜೇಬಲ್ಲಿ ಕೆಂಪು ಪೆನ್ನು ಇರ್ತಿತ್ತು. ಗೀಟು ಎಳೆಯೋವಾಗ ಒಂಥರಾ ಖುಷಿ ಆಗ್ತಿತ್ತು, ಯಾಕೆ ಮುಚ್ಚಿಡಲಿ.

ನಾಟ್ರಾಂಪಾಳ್ಯದವರು ಬಂದದ್ದು ನಾಲ್ಕನೇ ವರ್ಷ. ಅಂಚೆಟ್ಟಿ ದಾಟಿ, ಕಾಡು ದಾಟಿ ಇರೋ ಊರು. ರಾಗಿ ಹುರುಳಿ ಬೆಳೆಯೋ ಜನ. ಹನ್ನೊಂದು ಜನವೂ ಬರಿಗಾಲು. ಇಳಿಜಾರು ಹೊಲದಲ್ಲಿ ಆಡಿ ಕಲಿತವರು ಅವರು. ಚೆಂಡು ತಪ್ಪಿದರೆ ಹಳ್ಳದವರೆಗೆ ಇಳಿದು ಎತ್ತಿಕೊಂಡು ಬರಬೇಕು. ಹಾಗಾಗಿ ಒಬ್ಬರಿಂದ ಒಬ್ಬರಿಗೆ ಚೆಂಡು ತಪ್ಪಿಸ್ತಾನೇ ಇರಲಿಲ್ಲ. ನೋಡೋಕೆ ಚೆಂದ.

ಆ ಊರಲ್ಲಿ ಒಂದು ಪದ್ಧತಿ. ಮನೆಗೆ ಮೊದಲು ಹುಟ್ಟಿದ ಗಂಡಿಗೆ ಬೆಟ್ಟದ ದೇವರ ಹೆಸರೇ ಇಡಬೇಕು, ಬೇರೆ ಇಡೋ ಹಾಗಿಲ್ಲ. ಅಪ್ಪನೂ ಹಿರಿಮಗ, ಮಗನೂ ಹಿರಿಮಗ ಆದರೆ ಇಬ್ಬರಿಗೂ ಅದೇ ಹೆಸರು. ಇನ್ನು ನಮ್ಮ ತಮಿಳುನಾಡಿನ ಕಾಗದದಲ್ಲಿ ಊರು, ಮನೆತನ ಯಾವುದೂ ಬರೆಯಲ್ಲ. ಮುಂದೆ ಅಪ್ಪನ ಹೆಸರಿನ ಒಂದಕ್ಷರ, ಹಿಂದೆ ತನ್ನ ಹೆಸರು, ಅಷ್ಟೇ. ಆ ವರ್ಷದ ತಂಡದಲ್ಲಿ ಇಬ್ಬರು ದಾಯಾದಿಗಳಿದ್ದರು. ಒಂದೇ ವಂಶದ ಎರಡು ಮನೆಯವರು. ಅದೇ ಅಕ್ಷರ, ಅದೇ ಹೆಸರು, ವಯಸ್ಸೂ ಒಂದೇ. ಒಬ್ಬನದು ಬಲಗಾಲಿನ ಆಟ, ಅವನೇ ನಾಯಕ, ಫಾರಂ ತುಂಬಿದವನೂ ಅವನೇ. ಇನ್ನೊಬ್ಬನದು ಎಡಗಾಲು, ಹಿಂದೆ ಎಡಗಡೆ ನಿಂತು ಆಡೋನು. ಮದುವೆಯಾಗಿ ವರ್ಷವಾಗಿತ್ತು.

ಪಟ್ಟಿ ನೋಡಿದೆ. ಒಂದೇ ಹೆಸರು ಎರಡು ಸಾಲಲ್ಲಿ. ಸಿಕ್ಕಿಬಿದ್ದ ಕಳ್ಳ ಅಂತ ಕೆಳಗಿನದಕ್ಕೆ ಸರ್ರಂತ ಕೆಂಪು ಗೀಟು ಹೊಡೆದೆ.

ಇಬ್ಬರೂ ನನ್ನ ಮೇಜಿನ ಮುಂದೆ ಬಂದು ನಿಂತರು. ಬಲಗಾಲಿನವನು, "ನೋಡಿ ಸಾ, ಇಬ್ರೂ ಇದೀವಿ. ನಾನೊಬ್ಬ, ಈವಯ್ಯ ಒಬ್ಬ. ಎಸ್ರು ಒಂದೇ, ನಾವ್ ಇಬ್ರು" ಅಂದ. ನನಗೆ ಅರ್ಥವಾಗಲಿಲ್ಲವೇ? ಚೆನ್ನಾಗಿ ಅರ್ಥವಾಯಿತು. ಎರಡು ತಲೆ, ನಾಲ್ಕು ಕಾಲು ಕಣ್ಣೆದುರಿಗೇ ನಿಂತಿವೆ. ಆದರೆ ಗೀಟು ಹೊಡೆದು ಸಹಿ ಹಾಕಿಯಾಗಿತ್ತು, ಸುತ್ತ ನಾಲ್ಕು ಜನ ನೋಡ್ತಾ ಇದ್ದರು. ಮನೆಮಾತು ಕನ್ನಡವಾದರೂ ದೊಡ್ಡಸ್ತಿಕೆ ತೋರಿಸಬೇಕಾದಾಗ ನನ್ನ ಬಾಯಿಗೆ ತಮಿಳು ಬರುತ್ತೆ. "ರೂಲ್‌ನಾ ರೂಲ್‌ದಾನ್" ಅಂದೆ. ರೂಲು ಅಂದರೆ ರೂಲೇ, ಒಬ್ಬ ಆಚೆ ಹೋಗಿ.

ಎಡಗಾಲಿನವನು ಜಗಳವಾಡಲಿಲ್ಲ. ಬಗ್ಗಿ, ಮೆತ್ತಗೆ ಹೇಳಿದ: "ನಾನು ಆಡಾದಿಲ್ಲ ಬುಡಿ ಸಾ. ಬಂದಿವ್ನಿ ಅಂತ ಮಾತ್ರ ಬರ್ಕೊಳ್ಳಿ. ಅಷ್ಟು ದೂರದಿಂದ ಬಂದಿವ್ನಿ ಸಾ."

ಬರಕೊಳ್ಳಲಿಲ್ಲ. ಹೋಗಯ್ಯ ಹೋಗು ಅಂದೆ. ಅಷ್ಟೂ ಮಾಡೋಕಾಗಲಿಲ್ಲವಲ್ಲ ನನ್ನ ಕೈಲಿ! ಈಗ ನೆನೆದರೆ ಆ ಮೇಜಿಗೇ ನನ್ನ ತಲೆ ಚಚ್ಚಬೇಕು ಅನ್ನಿಸುತ್ತೆ.

ಹತ್ತೇ ಜನ ಆಡಿದರು, ಗೆದ್ದರು. ಅವನು ಇರಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿ, ಅಂಚೆಟ್ಟಿಯಲ್ಲಿ ಇಳಿದು, ಕಾಡಿನ ದಾರಿ ಹಿಡಿದದ್ದನ್ನು ಕಂಡಕ್ಟರು ನೋಡಿದ್ದ. ಆಮೇಲೆ ಅವನನ್ನು ಯಾರೂ ನೋಡಿಲ್ಲ. ಊರವರು ಮೂರು ದಿನ ಹುಡುಕಿದರು. ಆನೆ ಅಂದರು, ಹೊಳೆ ಅಂದರು, ಕೋಪ ಮಾಡಿಕೊಂಡು ಬೆಂಗಳೂರಿಗೆ ಹೋಗಿಬಿಟ್ಟ ಅಂದರು. ಸಿಕ್ಕಿದ್ದು ಒಂದೇ. ದಾರಿ ಪಕ್ಕದ ಬಂಡೆಯ ಮೇಲೆ ಅವನ ಆಟದ ಅಂಗಿ, ಒಗೆದು ಒಣಗಿಸಿದ ಹಾಗೆ ನೀಟಾಗಿ ಮಡಚಿ ಇಟ್ಟಿತ್ತು. ರಕ್ತವಿಲ್ಲ, ಹರಕಿಲ್ಲ.

ಸಮಿತಿಯವರು ನನ್ನನ್ನು ಕೇಳಿದರು: ಹೆಸರು ಹೊಡೆದವರು ಯಾರು? ಗೀಟೆಳೆದದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ನಾನು ತಣ್ಣಗೆ ಹೇಳಿದೆ: ಫಾರಂ ಬರೋವಾಗಲೇ ಹಾಗೇ ಬಂತು. ಅಂದರೆ ಹೊಡೆದವನು ನಾಯಕ ಅಂತಾಯಿತು. ಆ ಎರಡು ಮನೆಗೂ ಬದುವಿನ ತಕರಾರು ಮೊದಲೇ ಇತ್ತು. ದಾಯಾದಿ ಹೊಟ್ಟೆಕಿಚ್ಚಿಗೆ ಇವನೇ ಅವನ ಹೆಸರು ಹೊಡೆದುಹಾಕಿದ ಅಂತ ಊರೆಲ್ಲಾ ನಂಬಿತು. ಎಡಗಾಲಿನವನ ಹೆಂಡತಿ ಅವತ್ತಿನಿಂದ ಬಲಗಾಲಿನವನ ಮುಖ ನೋಡಿ ಮಾತಾಡಲಿಲ್ಲ. ಇದೆಲ್ಲ ನನ್ನ ಕಿವಿಗೂ ಬಿತ್ತು. ಬಿದ್ದರೂ ಸುಮ್ಮನಿದ್ದೆ.

ಮುಂದಿನ ವರ್ಷ ನಾಟ್ರಾಂಪಾಳ್ಯದವರು ಮತ್ತೆ ಬಂದರು. ಬಂದದ್ದು ಹತ್ತು ಜನ. ಪಟ್ಟಿಯಲ್ಲಿ ಮಾತ್ರ ಹನ್ನೊಂದು ಸಾಲು, ಅದೇ ಹೆಸರು ಎರಡು ಸಲ. ಗೀಟು ಹೊಡೆಯೋ ಧೈರ್ಯ ನನಗೆ ಬರಲಿಲ್ಲ. ಆಟಕ್ಕೆ ಮುಂಚೆ ಎರಡೂ ತಂಡ ಸಾಲಾಗಿ ನಿಲ್ಲಬೇಕು, ನಾನು ಒಂದೊಂದೇ ಹೆಸರು ಕೂಗಬೇಕು, ಅವರು ಓಗೊಡಬೇಕು. ಕಾಗದದಿಂದ ತಲೆ ಎತ್ತದೆ ಕೂಗೋದು ನನ್ನ ಅಭ್ಯಾಸ. ಆ ಹೆಸರು ಕೂಗಿದೆ. "ಬಂದಿವ್ನಿ ಸಾ" ಅಂತ ಬಲಗಾಲಿನವನ ಒಡಕು ದನಿ. ಪಟ್ಟಿಯಲ್ಲಿ ಇನ್ನೊಂದು ಸಲ ಇದೆಯಲ್ಲ, ಇನ್ನೊಂದು ಸಲವೂ ಕೂಗಿದೆ.

"ಬಂದಿವ್ನಿ ಸಾ."

ಮೆತ್ತಗಿನ ದನಿ. ಎಡಗಡೆಯಿಂದ ಬಂತು. ತಲೆ ಎತ್ತಲಿಲ್ಲ ನಾನು. ಬಲಗಾಲಿನವನು ಗಂಟಲು ಬದಲಾಯಿಸಿ ನನ್ನನ್ನು ಆಡಿಸ್ತಾ ಇದಾನೆ, ಸೇಡು ತೀರಿಸಿಕೊಳ್ತಾ ಇದಾನೆ ಕಳ್ಳ ಅಂದುಕೊಂಡೆ. ಅಂದುಕೊಂಡರೆ ನೆಮ್ಮದಿ ಆಗುತ್ತೆ ಅಂತ ಅಂದುಕೊಂಡದ್ದು. ಗುರುತು ಹಾಕಿ ಮುಂದಿನ ಹೆಸರಿಗೆ ಹೋದೆ.

ಅವರು ಹಿಂದಿನ ಎಡಗಡೆ ಜಾಗ ಖಾಲಿ ಬಿಟ್ಟೇ ಆಡಿದರು. ಅರ್ಧ ಆಟಕ್ಕೆ ಬಿಡುವು ಕೊಟ್ಟಾಗ ಆಟಗಾರರಿಗೆ ಕಿತ್ತಳೆ ತೊಳೆ ಹಂಚೋದು ನಮ್ಮ ರೂಢಿ. ತೀರಿಕೊಂಡ ಹಿರಿಯರಿಗೆ ಎಡೆ ಇಡೋ ಹಾಗೆ ಅವರು ಒಂದು ಮುತ್ತುಗದ ಎಲೆ ಹಾಸಿ, ಎರಡು ತೊಳೆ ಆ ಖಾಲಿ ಜಾಗದಲ್ಲಿ ಇಟ್ಟು ಬಂದರು. ಎಡೆ ಅಂತ ಮಾತ್ರ ಹೇಳಬಾರದು. "ಅವ್ನ ಪಾಲು" ಅಂತಿದ್ದರು. ಸತ್ತ ಅನ್ನೋಕೆ ಯಾರಿಗೂ ಬಾಯಿ ಬರ್ತಿರಲಿಲ್ಲ. ಕೆರೆ ಅಂಗಳದಲ್ಲಿ ಇರುವೆಗೇನು ಬರವೇ, ಬಿದ್ದ ಬೀಜಕ್ಕೂ ಮುತ್ತಿಕೊಳ್ತವೆ. ಆ ತೊಳೆಯ ಹತ್ತಿರ ಒಂದೂ ಸುಳಿಯಲಿಲ್ಲ. ಉರಿಬಿಸಿಲಲ್ಲಿ ನಿಂತು ನಾನೇ ನೋಡಿದೀನಿ.

ಹೀಗೇ ವರ್ಷಗಳು ಹೋದವು. ಹಗ್ಗ ಹೋಗಿ ಕಬ್ಬಿಣದ ಗೋಲು ಬಂತು. ಬರಿಗಾಲು ಹೋಗಿ ಬೂಟು ಬಂತು. ಕಾರ್ಖಾನೆ ತಂಡಗಳು ಹೆಚ್ಚಾದವು, ಹುಡುಗಿಯರ ತಂಡ ಬಂತು, ಜಗಳ ಮಾತ್ರ ಮೂರು ಭಾಷೆಯಲ್ಲೇ ಉಳೀತು. ಒಂದು ಕಾರ್ಖಾನೆ ತಂಡದಲ್ಲಿ ಕುದುರೆ ಥರ ಓಡೋ ತೆಲುಗು ಹುಡುಗನೊಬ್ಬ ಇದ್ದ. ನಾಟ್ರಾಂಪಾಳ್ಯದವರ ಆ ಖಾಲಿ ಜಾಗಕ್ಕೆ ಚೆಂಡು ತಗೊಂಡು ನುಗ್ಗಿದ. ಎದುರಿಗೆ ಯಾರೂ ಇಲ್ಲ. ಗಕ್ಕನೆ ನಿಂತುಬಿಟ್ಟ, ಯಾರಿಗೋ ದಾರಿ ಬಿಡೋ ಹಾಗೆ ಪಕ್ಕಕ್ಕೆ ಸರಿದ. ಚೆಂಡು ತಾನಾಗೇ ಗೆರೆ ದಾಟಿ ಆಚೆ ಹೋಯಿತು. ಏನಯ್ಯ ನಿನಗೆ ಬಂದಿದ್ದು ಅಂತ ಗದರಿದೆ. "ಅಕ್ಕಡ ಎವರೋ ಉನ್ನಾರು ಸಾರ್" ಅಂದ, ಅಲ್ಲಿ ಯಾರೋ ಇದಾರೆ ಅಂತ. ಮುಂದಿನ ವರ್ಷ ಅವನು ಕೂಟಕ್ಕೇ ಬರಲಿಲ್ಲ.

ಪ್ರತಿ ವರ್ಷ ಆ ಹೆಸರನ್ನು ಎರಡು ಸಲ ಕೂಗಿದೆ. ಪ್ರತಿ ವರ್ಷ ಎರಡು ಸಲ ಓಗೊಟ್ಟಿತು. ಬಲಗಾಲಿನವನು ಆಟ ಬಿಟ್ಟು ತಂಡದ ಹಿರಿಯನಾಗಿ ಸಾಲಿನ ತುದಿಗೆ ನಿಲ್ಲೋಕೆ ಶುರುಮಾಡಿದ ಮೇಲೂ ಹೆಸರು ಹಾಗೇ ಉಳೀತು. ಕೊರೊನಾ ಬಂದು ಎರಡು ವರ್ಷ ಕೂಟ ನಿಂತಾಗ, ಆಟ ನಡೀಬೇಕಾದ ದಿನ ಹೊತ್ತಿಗೆ ಸರಿಯಾಗಿ ನನ್ನ ದವಡೆ ಹಿಡಕೊಂಡುಬಿಡ್ತಿತ್ತು. ಹಲ್ಲುನೋವು ಅಂತ ಲವಂಗ ಇಟ್ಟುಕೊಂಡು ಮಲಗಿದೆ.

ಈ ಸಲ ಸಮಿತಿಯವರು ಬಂದುಹೋದ ವಾರಕ್ಕೆ ಬಲಗಾಲಿನವನೇ ನಮ್ಮ ಮನೆಗೆ ಬಂದ. ಮಟಮಟ ಮಧ್ಯಾಹ್ನ. ತಲೆ ಬೆಳ್ಳಗಾಗಿದೆ, ಮಂಡಿ ಹಿಡಕೊಂಡು ಮೆಟ್ಟಿಲು ಹತ್ತಿದ. ಕೂತುಕೊಳ್ಳಯ್ಯ ಅಂದರೆ ಕೂರಲಿಲ್ಲ.

"ಬುಕ್ಕು ಮಾಡ್ತಾರಂತೆ ಸಾ. ಗೆದ್ದೋರ ಎಸ್ರೆಲ್ಲ ಆಕ್ತಾರಂತೆ. ಅವ್ನ ಎಸ್ರು ಒಡುದ್ದು ಯಾರು ಅಂತ ಅದ್ರಾಗೆ ಬರೀರಿ. ನಮ್ಮೂರಾಗೆ ಆವಾಗ ಕೆಂಪು ಪೆನ್ನು ಯಾರ್ ತಾವಿತ್ತು ಸಾ? ನನ್ನ ಮಕ್ಳು ನನ್ನ ಮೊಕ ನೋಡೋ ಅಂಗಾಗ್ಲಿ."

ತಲೆ ತಗ್ಗಿಸಿದೆ. ತಗ್ಗಿಸಿದರೂ ನನ್ನ ಕೊಬ್ಬು ಇಳೀಲಿಲ್ಲ ನೋಡಿ, ಸಿಡುಕಿದೆ: "ಬರೀತೀನಿ ಕಣಯ್ಯ. ಆದರೆ ನೀನು ವರ್ಷವರ್ಷವೂ ಎರಡೆರಡು ಸಲ ಓಗೊಟ್ಟು ನನ್ನ ಪ್ರಾಣ ತೆಗೆದೆಯಲ್ಲ, ಅದನ್ನೂ ಬರೀಲಾ?"

ಅವನು ನನ್ನನ್ನೇ ನೋಡಿದ.

"ನಾನಾ? ನಾನು ಒಂದೇ ಕಿತ ಸಾ. ಎರಡ್ನೇದು ನೀವೇ ಅಲ್ವಾ ಯೋಳ್ತಿದ್ದುದ್ದು?"

"ಏನಂದೆ?"

"ನೀವೇ ಸಾ. ಕಾಗ್ದ ನೋಡ್ತಾ ಎಸ್ರು ಕೂಗ್ತಿದ್ರಿ, ತಲೆ ಬಗ್ಗಿಸ್ಕೊಂಡೇ ಬಂದಿವ್ನಿ ಸಾ ಅಂತ ನೀವೇ ಅಂತಿದ್ರಿ. ಅವ್ನ್ ದನೀನಾಗೇ. ಮೈಮ್ಯಾಲೆ ಬಂದೋರಿಗೆ ನೀವ್ ಇಂಗಂದ್ರಿ ಅಂತ ಯೋಳ್ಬಾರ್ದು, ಅದಿಕ್ಕೆ ನಾವ್ಯಾರೂ ಬಾಯಿ ಬುಡ್ಲಿಲ್ಲ."

ಸಿಟ್ಟು ಬಂತು. ಎಂಥಾ ಸುಳ್ಳ ಇವನು ಅಂತ ಎದ್ದು ನಿಂತು, ಗಂಟಲಿನ ಮೇಲೆ ಕೈ ಇಟ್ಟುಕೊಂಡು, ನೋಡು ಅಂತ ಆ ಹೆಸರು ಕೂಗಿದೆ. "ಬಂದಿವ್ನಿ ಸಾ" ಅಂತ ಅಂಗಳದ ಕಡೆಯಿಂದ ಕೇಳಿಸಿತು, ಮೆತ್ತಗೆ, ಎಡಗಡೆಯಿಂದ. ಆದರೆ ಕೈಯ ಕೆಳಗೆ ಗಂಟಲು ಅಲುಗಿದ್ದು ನನಗೆ ಗೊತ್ತಾಯಿತು. ದವಡೆ ಆಡಿದ್ದು ಗೊತ್ತಾಯಿತು. ನಮ್ಮ ಮನೆಯಲ್ಲಿ ಬಂದಿದೀನಿ ಅಂತೀವಿ. ಬಂದಿವ್ನಿ ಅಂತ ನಾನು ಹುಟ್ಟಿದಾಗಿನಿಂದ ಅಂದವನಲ್ಲ. ಹಾಗೇ ಕುರ್ಚಿಯಲ್ಲಿ ಕೂತೆ. ಒಳಗಿಂದ ಹೆಂಡತಿ, ಯಾರದು ಬಂದಿದ್ದು ಅಂತ ಕೇಳಿದಳು.

ಬಲಗಾಲಿನವನು ನೀರು ತಂದುಕೊಟ್ಟ. ಆಮೇಲೆ ಹೇಳಿದ್ದು ಅದಕ್ಕಿಂತ ಕಷ್ಟದ ಮಾತು. "ಅವ್ನೆಂಡ್ರಿಗೆ ಯಾರ್ ಬಾಯಾಗೆ ಅಂತ ಯೋಳ್ಲಿಲ್ಲ ಸಾ. ಕೂಗುದ್ರೆ ಓಗೊಟ್ಟ ಅಂತ ಮಾತ್ರ ಉಡುಗ್ರು ವರ್ಸ ವರ್ಸ ಯೋಳುದ್ರು. ಅವ್ಳು ಅಷ್ಟನ್ನೇ ಗಟ್ಟಿಯಾಗಿ ಇಡ್ಕೊಂಡ್ಳು. ಕ್ವಾಪ ಮಾಡ್ಕೊಂಡವ್ನೆ, ಇಳುದ್ಮ್ಯಾಲೆ ಬತ್ತಾನೆ, ನಾನ್ಯಾಕೆ ಉಡುಕ್ಕೊಂಡು ಓಗ್ಲಿ ಅಂತ ಕುಂತವ್ಳೆ. ತಿಥಿ ಮಾಡಾಕೆ ಬುಟ್ಟಿಲ್ಲ. ಈ ಸಲ ಬತ್ತಾಳಂತೆ ಸಾ. ಮೈದಾನಕ್ಕೆ. ಕಣ್ಣಾರೆ ನೋಡ್ಬೇಕಂತೆ."

ಗೀಟಿಗಿಂತ ದೊಡ್ಡ ಪಾಪ ಇದು. ಅವಳಿಗೆ ಇಪ್ಪತ್ತು ವರ್ಷ ಆಸೆ ತೋರಿಸಿದ್ದು ನನ್ನ ಗಂಟಲು.

ಕೂಟದ ದಿನ ಬಂದಳು. ಪಂಪ್‌ಸೆಟ್ಟಿನ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಗಟ್ಟಿ ಆಳು, ಕೆಲಸ ಮಾಡಿ ಮಾಡಿ ಕಪ್ಪಾದ ಕೈ, ಹಣೆಯಲ್ಲಿ ಕಾಸಗಲ ಕುಂಕುಮ. ಹಳೆಯ ಫಾರಂ ನನ್ನ ಪೆಟ್ಟಿಗೆಯಲ್ಲೇ ಇತ್ತು. ತಗೊಂಡು ಹೋಗಿ ಅವಳೆದುರು ನಿಂತೆ. ಎರಡೂ ತಂಡದವರು, ಸಮಿತಿಯವರು, ಎಲ್ಲರೂ ಕೇಳೋ ಹಾಗೆ ಹೇಳಿದೆ.

"ಅಮ್ಮಾ, ನಿನ್ನ ಗಂಡನ ಹೆಸರು ಹೊಡೆದವನು ನಾನು. ಇಬ್ಬರಿದಾರೆ ಅಂತ ಗೊತ್ತಾದ ಮೇಲೂ ತೆಗೀಲಿಲ್ಲ. ನಿಮ್ಮ ದಾಯಾದಿಯ ತಪ್ಪಿಲ್ಲ, ಅವನ ಮೇಲೆ ಹಾಕಿದ್ದೂ ನಾನೇ. ವರ್ಷವರ್ಷ ಓಗೊಟ್ಟದ್ದು ನಿನ್ನ ಗಂಡನಲ್ಲಮ್ಮಾ. ನನ್ನ ಬಾಯಿ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ತಿದ್ದೆ. ಬಲಗಾಲಿನವನ ಕಡೆ ಒಂದು ಸಲ ನೋಡಿದಳು. ಆಮೇಲೆ ನನಗೆ ಹೇಳಿದಳು: "ಕೂಗಿ ಸಾ. ನಾನೂ ಕೇಳ್ತೀನಿ."

ಸಾಲು ನಿಂತಿತು. ಇವಳೆದುರಿಗೂ ನನ್ನ ಬಾಯಿ ಆಡಿಬಿಟ್ಟರೆ? ಅದೇ ದನಿ ಬಂದುಬಿಟ್ಟರೆ ಇವಳು ಇನ್ನೆಷ್ಟು ವರ್ಷ ಕೂರಬೇಕು? ಮೊದಲ ಸಲ ಕೂಗಿದೆ. "ಬಂದಿವ್ನಿ ಸಾ" ಅಂದ ಬಲಗಾಲಿನವನು. ಎರಡನೇ ಸಲ ಕೂಗಿದೆ. ಕೂಗಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಕಾಗದದಿಂದ ತಲೆ ಎತ್ತಿದೆ.

ಎಡಗಡೆಯ ಖಾಲಿ ಜಾಗದಲ್ಲಿ ಸುಣ್ಣದ ಗೆರೆಯ ಮೇಲೆ ಬಿಸಿಲು ಬಿದ್ದಿತ್ತು. ಗಾಳಿಯೂ ಇರಲಿಲ್ಲ. ನನ್ನ ದವಡೆ ಅಲ್ಲಾಡಲಿಲ್ಲ. ಯಾರೂ ಓಗೊಡಲಿಲ್ಲ.

"ಇನ್ನೊಂದು ಕಿತ ಕೂಗಿ" ಅಂದಳು. ಕೂಗಿದೆ. "ಇನ್ನೊಂದು ಕಿತ." ಗಂಟಲು ಬಿರಿಯೋ ಹಾಗೆ ಕೂಗಿದೆ. ಈಗಲಾದರೂ ಓಗೊಡೋ ಮಾರಾಯ ಅಂತ ನನಗೇ ಅನ್ನಿಸಿತು. ಕೆರೆ ಏರಿಯಿಂದ ನನ್ನ ಕೂಗೇ ವಾಪಸು ಬಂತು, ಬರೀ ಹೆಸರು.

ಅವಳು ಕಟ್ಟೆಯಿಂದ ಇಳಿದು ನನ್ನ ಮೇಜಿಗೆ ಬಂದಳು. ಪಟ್ಟಿಯಲ್ಲಿ ಆ ಹೆಸರು ಎಲ್ಲಿದೆ ಅಂತ ಕೇಳಿದಳು, ಓದೋಕೆ ಬರಲ್ಲ ಅವಳಿಗೆ. ಬೆರಳಿಟ್ಟು ತೋರಿಸಿದೆ.

"ಇವತ್ತು ಒಡೀರಿ ಸಾ ಗೀಟು" ಅಂದಳು.

ಕೆಂಪು ಪೆನ್ನು ಜೇಬಲ್ಲೇ ಇತ್ತು. ತೆಗೆದೆ. ಕಾಗದಕ್ಕೆ ತಾಗಿಸೋಕೆ ಆಗಲಿಲ್ಲ. ನನ್ನ ಕೈಲಿ ಆಗಲ್ಲಮ್ಮಾ ಅಂದೆ.

"ಅವತ್ತು ಎಷ್ಟು ಬಿರ್ನೆ ಒಡುದ್ರಿ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಒಡುದ್ರೆ ತಾನೇ ನಾನು ಮನೆಗೋಗಿ ಎಡೆ ಇಕ್ಕೋದು."

ಗೀಟು ಎಳೆದೆ. ಒಂದು ಹೆಸರಿನಷ್ಟು ಉದ್ದ, ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅವಳು ಪೂರ್ತಿ ಆಗೋವರೆಗೂ ನೋಡಿದಳು. ಆಮೇಲೆ ಅದರ ಪಕ್ಕದಲ್ಲಿ, ಅವಳು ಕೇಳದೇನೇ, ಬಂದಿದ್ದ ಅಂತ ಬರೆದೆ.